ಎರಡು ಪೆನ್ಸಿಲ್ ಸೆಲ್ ಹಾಕಿ ಮರೆತುಬಿಡಿ: ನಾಲೆಗೆ ನೀರು ಬಂದರೆ ಕೂಗುವ ಡಬ್ಬಿ

ನಮ್ಮ ಗದ್ದೆ ಇರುವುದು ಮದ್ದೂರು ಕಡೆ, ವಿಸಿ (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗದಲ್ಲಿ. ಕೆಆರ್‌ಎಸ್‌ನಿಂದ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ, ಅಂದರೆ ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಬಿಟ್ಟ ನೀರು ನಮ್ಮ ತೂಬಿಗೆ ಬಂದು ಮುಟ್ಟುವುದು ಯಾವಾಗ ಅಂತ ಮಾತ್ರ ಹೇಳೋಕೆ ಆಗಲ್ಲ. ಮಧ್ಯಾಹ್ನ ಬರಬಹುದು, ರಾತ್ರಿ ಎರಡು ಗಂಟೆಗೂ ಬರಬಹುದು. ಚಿಕ್ಕಪ್ಪ ಟಾರ್ಚ್ ಹಿಡಿದುಕೊಂಡು ರಾತ್ರಿ ಎರಡು ಮೂರು ಸಲ ಬದುವಿನ ಮೇಲೆ ಹೋಗಿ ನೋಡಿ ಬರುತ್ತಿದ್ದರು. ಹಾವು ಓಡಾಡುವ ಜಾಗ, ಅವರಿಗೆ ವಯಸ್ಸೂ ಆಯಿತು. ನಾನು ಮೈಸೂರಲ್ಲಿ ಕೂತುಕೊಂಡು ಜಂಬದಿಂದ "ಇರಿ ಚಿಕ್ಕಪ್ಪ, ಇದಕ್ಕೊಂದು ಡಬ್ಬಿ ಮಾಡಿಕೊಡ್ತೀನಿ" ಅಂದುಬಿಟ್ಟೆ.

ಮೊದಲ ಡಬ್ಬಿ ಒಂದೇ ರಾತ್ರಿಗೆ ಸತ್ತಿತು. ಅದರೊಳಗೆ ಇದ್ದದ್ದು ಆರ್ಡುಯಿನೋ ಊನೋ ಬೋರ್ಡ್ (ನಾವೇ ಪ್ರೋಗ್ರಾಂ ತುಂಬಿ ಓಡಿಸುವ ಪುಟ್ಟ ಕಂಪ್ಯೂಟರ್) ಮತ್ತು 9 ವೋಲ್ಟ್‌ನ ಚೌಕದ ಬ್ಯಾಟರಿ. ಬೆಳಿಗ್ಗೆ ಫೋನ್ ಬಂತು. "ಏನ್ಲಾ, ನೀರು ಬಂದು ಪಕ್ಕದ ಗದ್ದೆನೂ ತುಂಬೋಯ್ತು, ನಿನ್ ಡಬ್ಬಿ ಉಸ್ರೇ ಬುಡ್ನಿಲ್ವಲ್ಲ!" ಆಮೇಲೆ ಲೆಕ್ಕ ಹಾಕಿ ನೋಡಿದೆ, ಮೊದಲೇ ಹಾಕಬೇಕಿತ್ತು. ಊನೋ ಸುಮ್ನೆ ಕೂತರೂ 45 ಮಿಲಿ ಆಂಪ್ ಹತ್ತಿರ ಎಳೆಯುತ್ತದೆ. ಆ ಬ್ಯಾಟರಿಯಲ್ಲಿ ಇರುವುದೇ 500 ಮಿಲಿ ಆಂಪ್ ಅವರ್ ಆಸುಪಾಸು. ಹನ್ನೊಂದು ಗಂಟೆ ಓಡಿದರೆ ಖಾಲಿ.

ಈಗ ಅದೇ ಜಾಗದಲ್ಲಿ ಇರುವ ಡಬ್ಬಿ ಎರಡು ಸಾಮಾನ್ಯ ಪೆನ್ಸಿಲ್ ಸೆಲ್‌ ಮೇಲೆ ಓಡುತ್ತಿದೆ. ನೀರು ಬಂದರೆ ಅದು ರೇಡಿಯೋದಲ್ಲಿ ಮನೆಗೆ ಹೇಳುತ್ತದೆ, ಮನೆಯಲ್ಲಿ ಬಜರ್ ಕೂಗುತ್ತದೆ. ಒಂದು ವರ್ಷದ ಮೇಲಾಯಿತು, ಸೆಲ್ ಬದಲಾಯಿಸಿಲ್ಲ. ಅದನ್ನು ಮಾಡಿದ್ದು ಹೇಗೆ ಅನ್ನುವುದು ಇಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಡಿಮೆ ಕರೆಂಟ್ ತಿನ್ನುವ ಚಿಪ್ ತಂದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಚಿಪ್ ಪಾಪ ಜಾಸ್ತಿ ತಿನ್ನುವುದೇ ಇಲ್ಲ, ಅದರ ಸುತ್ತ ಇರುವವು ತಿನ್ನುತ್ತವೆ. ಅವನ್ನು ಒಂದೊಂದಾಗಿ ಹಿಡಿಯುವುದರಲ್ಲೇ ನನ್ನ ಮುಕ್ಕಾಲು ಪಾಲು ಸಮಯ ಹೋಯಿತು.

ಯಾವ ಚಿಪ್

ಊನೋ ಬೋರ್ಡಿನ ಮೇಲೆ ಇರುವ ಅದೇ ಚಿಪ್, ಎಟಿಮೆಗಾ 328ಪಿ. ಬೋರ್ಡ್ ಬೇಡ, ಚಿಪ್ ಮಾತ್ರ ಸಾಕು. ಊನೋದಲ್ಲಿ ಕರೆಂಟ್ ತಿನ್ನುವುದು ಯುಎಸ್‌ಬಿಗೆ ಅಂತ ಇರುವ ಇನ್ನೊಂದು ಚಿಪ್, ವೋಲ್ಟೇಜ್ ಇಳಿಸುವ ರೆಗ್ಯುಲೇಟರ್, ಸದಾ ಉರಿಯುವ ಎಲ್‌ಇಡಿ, ಜೊತೆಗೆ 16 ಮೆಗಾಹರ್ಟ್ಸ್ ಓಟ. ಇದನ್ನೆಲ್ಲ ಬಿಟ್ಟು 28 ಕಾಲಿನ ಚಿಪ್ ಒಂದನ್ನೇ ತಂದರೆ, ಅದು 1.8 ವೋಲ್ಟ್‌ನಿಂದ 5.5 ವೋಲ್ಟ್‌ವರೆಗೆ ಎಲ್ಲಿ ಬೇಕಾದರೂ ಓಡುತ್ತದೆ. ಅಂದರೆ ಎರಡು ಸೆಲ್‌ ಅನ್ನು ನೇರ ಕೊಡಬಹುದು, ರೆಗ್ಯುಲೇಟರ್ ಬೇಕಾಗಿಲ್ಲ.

ಕೊಳ್ಳುವಾಗ ಹೆಸರಿನ ಕೊನೆಯ 'ಪಿ' ನೋಡಿಕೊಳ್ಳಿ. ಪಿ ಇಲ್ಲದ 328 ಕೂಡ ಅಂಗಡಿಯಲ್ಲಿ ಅದೇ ಡಬ್ಬದಲ್ಲಿ ಇರುತ್ತದೆ. ಕೆಲಸ ಮಾಡುತ್ತದೆ, ಆದರೆ ಮಲಗಿದಾಗ ವೋಲ್ಟೇಜ್ ಕಾವಲುಗಾರನನ್ನು ಆಫ್ ಮಾಡುವ ಸೌಲಭ್ಯ ಅದರಲ್ಲಿಲ್ಲ. ಅದು ಏನು ಅಂತ ಮುಂದೆ ಹೇಳುತ್ತೇನೆ. ಪ್ರೋಗ್ರಾಂ ಮಾಡುವಾಗ ಸಹಿ (ಇದು ಯಾವ ಚಿಪ್ ಅಂತ ಹೇಳುವ ಸಂಖ್ಯೆ) ಹೊಂದುತ್ತಿಲ್ಲ ಅಂತ ದೂರು ಬಂದು, ಸಹಿಯ ಕೊನೆಗೆ 0ಎಫ್ ಬದಲು 14 ಅಂತ ತೋರಿಸಿದರೆ ನಿಮ್ಮ ಕೈಯಲ್ಲಿರುವುದು ಪಿ ಇಲ್ಲದ್ದು. ನನಗೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ತಂದ ನಾಲ್ಕರಲ್ಲಿ ಒಂದು ಹಾಗೇ ಸಿಕ್ಕಿತು.

ಇಎಸ್‌ಪಿ32 ಅನ್ನುವ ವೈಫೈ ಇರುವ ಚಿಪ್ ಯಾಕಲ್ಲ ಅಂತ ನೀವು ಕೇಳಬಹುದು. ಅದರ ಚಿಪ್ ಕೂಡ ಚೆನ್ನಾಗಿ ಮಲಗುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಎಷ್ಟೋ ಬೋರ್ಡ್‌ಗಳ ಮೇಲೆ 1117 ಅನ್ನುವ ರೆಗ್ಯುಲೇಟರ್ ಇರುತ್ತದೆ, ಅದೊಂದೇ 5 ಮಿಲಿ ಆಂಪ್ ತಿನ್ನುತ್ತದೆ. ಮನೆಯವರೆಲ್ಲ ಮಲಗಿ ಬಾಗಿಲಲ್ಲಿ ದೀಪ ಉರಿಯುತ್ತಾ ಇದ್ದ ಹಾಗೆ. ಗದ್ದೆಯಲ್ಲಿ ವೈಫೈ ಅಂತೂ ಇಲ್ಲ, ಅಲ್ವಾ.

ಚಿಪ್ ಕಟ್ಟುವುದು, ಫ್ಯೂಸ್ ಇಡುವುದು

ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ತಂತಿ ಸಿಕ್ಕಿಸುವ ಹಲಗೆ) ಮೇಲೆ ಚಿಪ್ ಕೂರಿಸಿ. 7 ಮತ್ತು 20ನೇ ಕಾಲಿಗೆ ಪ್ಲಸ್, 8 ಮತ್ತು 22ಕ್ಕೆ ಗ್ರೌಂಡ್. 20ನೇ ಕಾಲು ಅನಲಾಗ್ ಭಾಗದ್ದು, ನಮಗೆ ಅದು ಬೇಡ ಅಂತ ಬಿಟ್ಟುಬಿಡಬೇಡಿ, ಕೊಡಲೇಬೇಕು. ಎರಡೂ ಜೋಡಿಗೆ 0.1 ಮೈಕ್ರೋ ಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಕಾಲಿಗೆ ಅಂಟಿದ ಹಾಗೆ ಇರಲಿ. 1ನೇ ಕಾಲು ರೀಸೆಟ್, ಅದನ್ನು 10 ಕಿಲೋ ಓಮ್ ಮೂಲಕ ಪ್ಲಸ್‌ಗೆ ಎಳೆಯಿರಿ. ಕ್ರಿಸ್ಟಲ್ ಬೇಡ. ಚಿಪ್ ಒಳಗೇ 8 ಮೆಗಾಹರ್ಟ್ಸ್ ಗಡಿಯಾರ ಇದೆ.

ಪ್ರೋಗ್ರಾಂ ತುಂಬಲು ಬೇರೆ ಉಪಕರಣ ಕೊಳ್ಳಬೇಕಾಗಿಲ್ಲ, ಸತ್ತ ಡಬ್ಬಿಯ ಊನೋ ಇದೆಯಲ್ಲ. ಅದಕ್ಕೆ ಆರ್ಡುಯಿನೋ ತಂತ್ರಾಂಶದ ಉದಾಹರಣೆಗಳಲ್ಲಿ ಇರುವ 'ಆರ್ಡುಯಿನೋ ಐಎಸ್‌ಪಿ' ಹಾಕಿ. ಆಮೇಲೆ ಊನೋದ 11, 12, 13, 10ನ್ನು ಕ್ರಮವಾಗಿ ಚಿಪ್‌ನ 17, 18, 19, 1ನೇ ಕಾಲಿಗೆ ಸೇರಿಸಿ. ಊನೋದ 5 ವೋಲ್ಟ್ ಮತ್ತು ಗ್ರೌಂಡ್ ಕೂಡ ಚಿಪ್‌ಗೆ ಕೊಡಿ. ಊನೋದ ರೀಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋ ಫ್ಯಾರಡ್ ಕೆಪಾಸಿಟರ್ ಇಡಿ, ಇಲ್ಲದಿದ್ದರೆ ಪ್ರತಿ ಸಲ ಊನೋ ತಾನೇ ರೀಸೆಟ್ ಆಗಿ ಕೆಲಸ ಕೆಡಿಸುತ್ತದೆ.

ಇಲ್ಲಿ ಒಂದು ಎಚ್ಚರ. ಊನೋ ಕೊಡುವುದು 5 ವೋಲ್ಟ್. ನಾವು ಮುಂದೆ ಹಾಕುವ ಲೋರಾ (ಕಡಿಮೆ ಕರೆಂಟ್ ತಿಂದು ದೂರ ಮುಟ್ಟುವ) ರೇಡಿಯೋ ತಡೆಯುವುದು 3.7 ವೋಲ್ಟ್‌ವರೆಗೆ. ರೇಡಿಯೋ ಜೋಡಿಸಿದ ಬೋರ್ಡ್‌ನಲ್ಲೇ ಪ್ರೋಗ್ರಾಂ ಮಾಡಲು ಹೋದರೆ ರೇಡಿಯೋ ಢಮಾರ್. ನಾನು ಪ್ರೋಗ್ರಾಂ ಮಾಡೋಕೆ ಬೇರೆ ಬ್ರೆಡ್‌ಬೋರ್ಡ್, ಓಡಿಸೋಕೆ ಬೇರೆ ಬೋರ್ಡ್ ಅಂತ ಇಟ್ಟುಕೊಂಡಿದ್ದೇನೆ. ಓಡುವ ಬೋರ್ಡ್‌ನಲ್ಲಿ ಐಸಿ ಸಾಕೆಟ್ ಇದೆ, ಚಿಪ್ ಕಿತ್ತು ಇದರಿಂದ ಅದಕ್ಕೆ ಹಾಕುವುದು. ಸ್ವಲ್ಪ ಕಿರಿಕಿರಿ, ಆದರೆ ಸುಡುವುದಿಲ್ಲ.

ಇನ್ನು ಫ್ಯೂಸ್. ಹೆಸರು ಕೇಳಿ ಸುಟ್ಟುಹೋಗುವ ತಂತಿ ಅಂದುಕೊಳ್ಳಬೇಡಿ, ಇದು ಚಿಪ್ ಒಳಗಿನ ಸೆಟ್ಟಿಂಗ್. ಯಾವ ಗಡಿಯಾರ, ಎಷ್ಟು ವೇಗ, ವೋಲ್ಟೇಜ್ ಎಷ್ಟಕ್ಕೆ ಇಳಿದರೆ ನಿಲ್ಲಬೇಕು, ಇವೆಲ್ಲ ಅಲ್ಲಿ ಕೂತಿರುತ್ತವೆ. ಕಂಪನಿಯಿಂದ ಬರುವಾಗ ಲೋ ಫ್ಯೂಸ್ 62, ಹೈ ಫ್ಯೂಸ್ ಡಿ9 ಅಂತ ಇರುತ್ತದೆ. ಅಂದರೆ ಒಳಗಿನ 8 ಮೆಗಾಹರ್ಟ್ಸ್ ಗಡಿಯಾರ, ಅದನ್ನು 8ರಿಂದ ಭಾಗಿಸಿ 1 ಮೆಗಾಹರ್ಟ್ಸ್. ನಮಗೆ ಬೇಕಾಗಿರುವುದೂ ಅದೇ. ಈ ಸಂಖ್ಯೆಗಳನ್ನು ಕೈಯಾರೆ ಬರೆಯುವ ಗೋಜೇ ಬೇಡ. 'ಮಿನಿಕೋರ್' ಅನ್ನುವ ಬೋರ್ಡ್ ಪ್ಯಾಕೇಜ್ ಹಾಕಿಕೊಂಡರೆ ಮೆನುವಿನಲ್ಲೇ ಎಲ್ಲ ಇದೆ. ವೇರಿಯಂಟ್ 328ಪಿ, ಗಡಿಯಾರ ಇಂಟರ್ನಲ್ 1 ಮೆಗಾಹರ್ಟ್ಸ್, ಬಿಒಡಿ (ಅದೇ ವೋಲ್ಟೇಜ್ ಕಾವಲುಗಾರ) 1.8 ವೋಲ್ಟ್, ಬೂಟ್‌ಲೋಡರ್ (ಪ್ರೋಗ್ರಾಂ ತುಂಬಿಸಿಕೊಳ್ಳಲು ಚಿಪ್ ಒಳಗೇ ಇಡುವ ಪುಟ್ಟ ಪ್ರೋಗ್ರಾಂ) ಬೇಡ ಅಂತ ಆರಿಸಿ, 'ಬರ್ನ್ ಬೂಟ್‌ಲೋಡರ್' ಒತ್ತಿ. ಹೆಸರಿಗೆ ಬೂಟ್‌ಲೋಡರ್, ಕೆಲಸ ಮಾತ್ರ ಫ್ಯೂಸ್ ಬರೆಯುವುದು. ಮುಂದೆ ಪ್ರತಿ ಸಲ 'ಅಪ್‌ಲೋಡ್ ಯೂಸಿಂಗ್ ಪ್ರೋಗ್ರಾಮರ್' ಒತ್ತಿದರೆ ಆಯಿತು.

1 ಮೆಗಾಹರ್ಟ್ಸ್ ಯಾಕೆ ಅಂದರೆ, ವೇಗ ಹೆಚ್ಚಿದಷ್ಟೂ ಈ ಚಿಪ್‌ಗೆ ವೋಲ್ಟೇಜ್ ಜಾಸ್ತಿ ಬೇಕು. 8 ಮೆಗಾಹರ್ಟ್ಸ್‌ಗೆ ಸುಮಾರು 2.4 ವೋಲ್ಟ್ ಬೇಕಾಗುತ್ತದೆ, 4ರ ಒಳಗಿದ್ದರೆ 1.8 ಸಾಕು. ಎರಡು ಸೆಲ್ ಹಳೆಯದಾಗಿ 2 ವೋಲ್ಟ್‌ಗೆ ಇಳಿದರೂ ನಮ್ಮ ಡಬ್ಬಿ ಉಸಿರಾಡುತ್ತಿರಬೇಕು. ಬೇಗ ಬೇಗ ಕೆಲಸ ಮುಗಿಸಿ ಮಲಗಿದರೆ ಒಟ್ಟು ಖರ್ಚು ಕಡಿಮೆ ಅನ್ನುವ ವಾದ ಇದೆ, ಲೆಕ್ಕ ಮಾಡುವ ಕೆಲಸಕ್ಕೆ ಅದು ನಿಜ ಕೂಡ. ಆದರೆ ನಮ್ಮ ಚಿಪ್ ಎದ್ದಾಗ ಮಾಡುವುದು ಹೆಚ್ಚಾಗಿ ರೇಡಿಯೋಗೆ ಕಾಯುವ ಕೆಲಸ. ಕಾಯೋಕೆ ವೇಗ ಯಾಕೆ?

ಅವಸರದಲ್ಲಿ ಹೊರಗಿನ ಕ್ರಿಸ್ಟಲ್ ಅಂತ ಆರಿಸಿ ಬರೆದುಬಿಟ್ಟರೆ ಚಿಪ್ ಸತ್ತಂತೆ ಕಾಣುತ್ತದೆ, ಏನು ಮಾಡಿದರೂ ಉತ್ತರ ಕೊಡುವುದಿಲ್ಲ. ಎಸೆಯಬೇಡಿ. 9 ಮತ್ತು 10ನೇ ಕಾಲಿಗೆ ಒಂದು 16 ಮೆಗಾಹರ್ಟ್ಸ್ ಕ್ರಿಸ್ಟಲ್, ಎರಡು 22 ಪೈಕೋ ಫ್ಯಾರಡ್ ಕೆಪಾಸಿಟರ್ ತಾತ್ಕಾಲಿಕವಾಗಿ ಇಟ್ಟರೆ ಎದ್ದು ಕೂರುತ್ತದೆ. ಆಗ ಫ್ಯೂಸ್ ಸರಿ ಮಾಡಿ.

ಮಲಗಿಸುವುದು

ಈ ಚಿಪ್‌ಗೆ ಹಲವು ಬಗೆಯ ನಿದ್ದೆ ಇದೆ. ನಮಗೆ ಬೇಕಾದದ್ದು ಪವರ್ ಡೌನ್, ಅಂದರೆ ಗಾಢ ನಿದ್ದೆ. ಗಡಿಯಾರವೇ ನಿಂತುಹೋಗುತ್ತದೆ. 3 ವೋಲ್ಟ್‌ನಲ್ಲಿ ಏನೂ ಓಡದಿದ್ದರೆ ಚಿಪ್ ತಿನ್ನುವುದು 0.1 ಮೈಕ್ರೋ ಆಂಪ್ ಅಂತ ಡೇಟಾಶೀಟ್ ಹೇಳುತ್ತದೆ. ಒಂದು ಮಿಲಿ ಆಂಪ್‌ನ ಹತ್ತು ಸಾವಿರದಲ್ಲಿ ಒಂದು ಭಾಗ. ಆದರೆ ಎಬ್ಬಿಸೋಕೆ ಯಾರಾದರೂ ಬೇಕಲ್ಲ, ಅದಕ್ಕೆ ವಾಚ್‌ಡಾಗ್ ಟೈಮರ್ ಇದೆ. ಅದನ್ನು ಎಚ್ಚರ ಇಟ್ಟರೆ ಒಟ್ಟು 4 ಮೈಕ್ರೋ ಆಂಪ್ ಚಿಲ್ಲರೆ ಆಗುತ್ತದೆ. ಹೆಚ್ಚೆಂದರೆ 8 ಸೆಕೆಂಡಿಗೊಮ್ಮೆ ಎಬ್ಬಿಸುತ್ತದೆ, ಅದಕ್ಕಿಂತ ಜಾಸ್ತಿ ಹೊತ್ತು ಮಲಗಿಸಲು ಬರುವುದಿಲ್ಲ. ಎದ್ದು, ಎಣಿಕೆಗೆ ಒಂದು ಸೇರಿಸಿ, ಮತ್ತೆ ಮಲಗುವುದು.

ಸುಲಭದ ದಾರಿ 'ಲೋಪವರ್' ಅನ್ನುವ ಲೈಬ್ರರಿ. 8 ಸೆಕೆಂಡ್, ಎಡಿಸಿ ಆಫ್, ಬಿಒಡಿ ಆಫ್ ಅಂತ ಮೂರು ಮಾತು ಕೊಟ್ಟು ಒಂದೇ ಸಾಲಿನಲ್ಲಿ ಮಲಗಿಸಬಹುದು. ಒಳಗೆ ಏನಾಗುತ್ತದೆ ಅಂತ ಮಾತ್ರ ಗೊತ್ತಿರಲಿ. ಎಡಿಸಿ ಅಂದರೆ ಅನಲಾಗ್ ಓದುವ ಭಾಗ, ಅದು ಗಾಢ ನಿದ್ದೆಯಲ್ಲೂ ತಾನಾಗಿ ಆಫ್ ಆಗುವುದಿಲ್ಲ, ನಾವೇ ಆರಿಸಬೇಕು. ಬಿಒಡಿ ಅಂದರೆ ನಾನು ಮೊದಲು ಹೇಳಿದ ಕಾವಲುಗಾರ. ವೋಲ್ಟೇಜ್ ತೀರಾ ಇಳಿದಾಗ ಚಿಪ್ ಅಡ್ಡಾದಿಡ್ಡಿ ನಡೆದು ಇಇಪ್ರಾಮ್‌ನಲ್ಲಿ (ಕರೆಂಟ್ ಹೋದರೂ ಉಳಿಯುವ ನೆನಪಿನಲ್ಲಿ) ಕಸ ಬರೆಯದ ಹಾಗೆ ಹಿಡಿದು ನಿಲ್ಲಿಸುತ್ತಾನೆ. ಎಚ್ಚರ ಇದ್ದಾಗ ಅವನು ಬೇಕು, ಮಲಗಿದಾಗ ಬೇಡ. ಪಿ ಇರುವ ಚಿಪ್ ತನ್ನಿ ಅಂದದ್ದು ಇದಕ್ಕೇ.

ಲೈಬ್ರರಿ ಇಲ್ಲದೆ ನೀವೇ ಬರೆಯುವವರಾದರೆ ಎರಡು ಕಡೆ ಎಡವುತ್ತೀರಿ, ನಾನು ಎರಡೂ ಕಡೆ ಎಡವಿದ್ದೇನೆ. ವಾಚ್‌ಡಾಗ್‌ ಅನ್ನು ಇಂಟರಪ್ಟ್ (ಎಬ್ಬಿಸಿ, ಬಿಟ್ಟಲ್ಲಿಂದ ಮುಂದುವರಿಸುವ) ಮೋಡ್‌ಗೆ ಇಡಬೇಕು, ರೀಸೆಟ್ ಮೋಡ್‌ಗೆ ಇಟ್ಟರೆ 8 ಸೆಕೆಂಡಿಗೊಮ್ಮೆ ಪ್ರೋಗ್ರಾಂ ಮೊದಲಿನಿಂದ ಶುರುವಾಗುತ್ತದೆ. ಇಂಟರಪ್ಟ್‌ಗೆ ಇಟ್ಟು, ಅದನ್ನು ಹಿಡಿಯುವ ಫಂಕ್ಷನ್ ಬರೆಯುವುದನ್ನು ಮರೆತರೂ ಅದೇ ಗತಿ. ಒಳಗೆ ಏನೂ ಇಲ್ಲದ ಖಾಲಿ ಫಂಕ್ಷನ್ ಆದರೂ ಸರಿ, ಇರಬೇಕು.

ಮಲಗಿದಾಗ ಮಿಲ್ಲಿಸ್, ಅಂದರೆ ಆರ್ಡುಯಿನೋ ಹೊತ್ತು ಎಣಿಸುವ ಎಣಿಕೆಯೂ ನಿಂತಿರುತ್ತದೆ. 'ಒಂದು ದಿನ ಆಯಿತಾ' ಅಂತ ಅದನ್ನು ಕೇಳಿದರೆ ಅದಕ್ಕೆ ಗೊತ್ತಿರುವುದಿಲ್ಲ, ವಾಚ್‌ಡಾಗ್ ಎಷ್ಟು ಸಲ ಎಬ್ಬಿಸಿತು ಅಂತ ನೀವೇ ಎಣಿಸಬೇಕು. 10,800 ಸಲ ಅಂದರೆ ಒಂದು ದಿನ, ಹೆಚ್ಚು ಕಡಿಮೆ. ಈ ಟೈಮರ್ ಬಿಸಿಲಿಗೆ, ಚಳಿಗೆ, ವೋಲ್ಟೇಜ್‌ಗೆ ಸ್ವಲ್ಪ ಹಿಂದೆ ಮುಂದೆ ಹೋಗುತ್ತದೆ. ಪಂಚಾಂಗ ನೋಡೋಕೆ ಆಗಲ್ಲ, ನಾಲೆ ನೋಡೋಕೆ ಸಾಕು. ಮತ್ತೆ, ಸೀರಿಯಲ್ ಮಾನಿಟರ್‌ಗೆ ಏನಾದರೂ ಬರೆಯುತ್ತಿದ್ದರೆ ಮಲಗುವ ಮೊದಲು ಫ್ಲಶ್ ಮಾಡಿ, ಅಂದರೆ ಬಾಕಿ ಅಕ್ಷರ ಪೂರ್ತಿ ಹೋಗುವವರೆಗೆ ಕಾಯಿಸಿ. ಇಲ್ಲದಿದ್ದರೆ ಅರ್ಧ ಅಕ್ಷರದಲ್ಲೇ ನಿದ್ದೆ ಹೋಗಿ ತೆರೆಯ ಮೇಲೆ ಬರೀ ಕಸ ಬರುತ್ತದೆ. 1 ಮೆಗಾಹರ್ಟ್ಸ್‌ಗೆ 9600 ವೇಗ ಸಾಕು, 1,15,200 ನಡೆಯುವುದಿಲ್ಲ.

ಮೀಟರ್ ಹಿಡಿದು ಕಳ್ಳನನ್ನು ಹುಡುಕುವುದು

ಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕೋಡ್‌ನಲ್ಲಿ ಮಲಗಿಸಿದ್ದೇನೆ ಅಂದುಕೊಂಡಿರುತ್ತೀರಿ, ಡಬ್ಬಿ ಒಳಗೆ ಯಾರೋ ಎದ್ದು ಕೂತಿರುತ್ತಾರೆ. ಸಾಧಾರಣ ಮಲ್ಟಿಮೀಟರ್ ಸಾಕು.

ಆದರೆ ಮೀಟರ್‌ನ ಮೈಕ್ರೋ ಆಂಪ್ ರೇಂಜ್ ಅನ್ನು ಸೆಲ್ ಮತ್ತು ಚಿಪ್ ನಡುವೆ ಹಾಗೇ ಇಟ್ಟರೆ ಒಂದು ತಮಾಷೆ ಆಗುತ್ತದೆ. ಡಬ್ಬಿ ಶುರುವೇ ಆಗುವುದಿಲ್ಲ. ಆ ರೇಂಜ್‌ನಲ್ಲಿ ಮೀಟರ್ ಒಳಗೆ ಒಂದು ದೊಡ್ಡ ರೆಸಿಸ್ಟರ್ ಇರುತ್ತದೆ. ಚಿಪ್ ಎದ್ದು ರೇಡಿಯೋ ಹತ್ತಾರು ಮಿಲಿ ಆಂಪ್ ಕೇಳಿದ ಕೂಡಲೇ ವೋಲ್ಟೇಜ್ ಎಲ್ಲ ಅಲ್ಲೇ ಬಿದ್ದುಹೋಗಿ ಚಿಪ್ ರೀಸೆಟ್ ಆಗುತ್ತದೆ, ಮತ್ತೆ ಏಳುತ್ತದೆ, ಮತ್ತೆ ಬೀಳುತ್ತದೆ. ಮೀಟರ್ ತೋರಿಸುವ ಸಂಖ್ಯೆ ಕುಣಿಯುತ್ತಿರುತ್ತದೆ, ನೀವು ಕೋಡ್ ತಿದ್ದುತ್ತಾ ಕೂರುತ್ತೀರಿ. ನಾನು ಒಂದು ಭಾನುವಾರ ಪೂರ್ತಿ ಹೀಗೇ ಕೂತಿದ್ದೆ.

ಅದಕ್ಕೆ ಹೀಗೆ ಮಾಡಿ. ಸೆಲ್‌ನ ಪ್ಲಸ್‌ನಿಂದ ಬೋರ್ಡ್‌ಗೆ ಹೋಗುವ ದಾರಿಯಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಇಡಿ. ಅದರ ಎರಡು ತುದಿಗೂ ಸೇರಿಸಿ ಒಂದು ಜಂಪರ್ ತಂತಿ ಹಾಕಿ, ಅಂದರೆ ಸದ್ಯಕ್ಕೆ ರೆಸಿಸ್ಟರ್ ಇದ್ದೂ ಇಲ್ಲದ ಹಾಗೆ. ಮೀಟರ್‌ ಅನ್ನು 200 ಮಿಲಿ ವೋಲ್ಟ್ ರೇಂಜ್‌ಗೆ ಇಟ್ಟು ರೆಸಿಸ್ಟರ್‌ನ ಎರಡು ತುದಿಗೆ ಹಿಡಿಯಿರಿ. ಡಬ್ಬಿ ಆನ್ ಆಗಿ, ರೇಡಿಯೋ ಮಾತಾಡಿ, ಮಲಗಲಿ. ಆಮೇಲೆ ಜಂಪರ್ ಕೀಳಿ. ಈಗ ಮೀಟರ್ ತೋರಿಸುವ ಪ್ರತಿ ಮಿಲಿ ವೋಲ್ಟ್ ಒಂದು ಮೈಕ್ರೋ ಆಂಪ್. 6 ಮಿಲಿ ವೋಲ್ಟ್ ಇದ್ದರೆ 6 ಮೈಕ್ರೋ ಆಂಪ್, ಲೆಕ್ಕ ಅಷ್ಟೇ. 200 ದಾಟಿ ಮೀಟರ್ ಕೈ ಎತ್ತಿಬಿಟ್ಟರೆ ಯಾರೋ ಎಚ್ಚರ ಇದ್ದಾರೆ ಅಂತ ಅರ್ಥ, ಆಗ ರೆಸಿಸ್ಟರ್ ಜಾಗದಲ್ಲಿ ಮೀಟರ್‌ನ ಮಿಲಿ ಆಂಪ್ ರೇಂಜ್ ಇಟ್ಟು ಅಳೆಯಿರಿ. ಪರೀಕ್ಷೆ ಮಾಡುವಾಗ ಅದು ಮತ್ತೆ ರೇಡಿಯೋ ಕಳಿಸದ ಹಾಗೆ ಕೋಡ್‌ನಲ್ಲಿ ನೋಡಿಕೊಳ್ಳಿ.

ನನ್ನ ಮೊದಲ ಓದು 1.8 ಮಿಲಿ ಆಂಪ್. ಗಾಬರಿಯಾಯಿತು. ಕಳ್ಳ ರೇಡಿಯೋ ಆಗಿತ್ತು. ಚಿಪ್ ಮಲಗಿದರೆ ರೇಡಿಯೋ ತಾನಾಗಿ ಮಲಗುವುದಿಲ್ಲ, ಸ್ಟ್ಯಾಂಡ್‌ಬೈ ಅಂತ ಕಾದು ಕೂತಿರುತ್ತದೆ, ಅದಕ್ಕೇ 1.6 ಮಿಲಿ ಆಂಪ್ ಬೇಕು. ಆ ಲೆಕ್ಕದಲ್ಲಿ 2000 ಮಿಲಿ ಆಂಪ್ ಅವರ್‌ನ ಸೆಲ್ ಎರಡು ತಿಂಗಳು ಕೂಡ ಬರುವುದಿಲ್ಲ. ಚಿಪ್‌ಗಿಂತ ಮೊದಲು ರೇಡಿಯೋಗೆ ಮಲಗು ಅಂತ ಹೇಳಬೇಕು, ಆಗ ಅದು 0.2 ಮೈಕ್ರೋ ಆಂಪ್‌ಗೆ ಇಳಿಯುತ್ತದೆ.

ಹೇಳಿದೆ. ಓದು 230 ಮೈಕ್ರೋ ಆಂಪ್‌ಗೆ ಇಳಿಯಿತು. ವ್ಯತ್ಯಾಸ ನೋಡೋಣ ಅಂತ ನಾನು ಬೇಕಂತಲೇ ಎಡಿಸಿ ಆನ್ ಬಿಟ್ಟಿದ್ದೆ, ಆಫ್ ಮಾಡಿದ ಕೂಡಲೇ 24. ಬಿಒಡಿ ಕಾವಲುಗಾರನನ್ನೂ ಮಲಗಿಸಿದೆ, 5. ಬರೀ ಎರಡು ಮೂರು ಸಾಲು ಕೋಡ್‌ಗೆ 1800ರಿಂದ 5ಕ್ಕೆ! ಆವತ್ತು ಸಂಜೆ ಕಾಫಿ ಎಷ್ಟು ರುಚಿಯಾಗಿತ್ತು ಅಂದರೆ, ಹೋಗಲಿ ಬಿಡಿ.

ನಿಮ್ಮದು 5ಕ್ಕೆ ಬರದೆ 30, 40 ಅಂತ ತೂಗಾಡುತ್ತಾ, ಬೋರ್ಡ್ ಹತ್ತಿರ ಕೈ ತಂದರೆ ಸಂಖ್ಯೆ ಬದಲಾಗುತ್ತಿದ್ದರೆ, ಬಳಸದ ಕಾಲುಗಳನ್ನು ನೋಡಿ. ಏನೂ ಜೋಡಿಸದೆ ಇನ್‌ಪುಟ್ ಆಗಿ ಬಿಟ್ಟ ಕಾಲು ಗಾಳಿಯಲ್ಲಿ ತೇಲುತ್ತಾ ಅತ್ತಲೂ ಇಲ್ಲ ಇತ್ತಲೂ ಇಲ್ಲ ಅನ್ನುವ ವೋಲ್ಟೇಜ್‌ನಲ್ಲಿ ನಿಂತು ಕರೆಂಟ್ ತಿನ್ನುತ್ತದೆ. ಅಂಥವನ್ನು ಔಟ್‌ಪುಟ್ ಮಾಡಿ ಲೋ ಇಡಿ. ಎಲ್ಲ ಕಾಲಿಗೂ ಒಂದೇ ಏಟಿಗೆ ಮಾಡಲು ಹೋಗಿ ರೇಡಿಯೋದ ಕಾಲುಗಳನ್ನೂ ಸೇರಿಸಿಬಿಡಬೇಡಿ.

ಫ್ಲೋಟ್ ಸ್ವಿಚ್ ಮಾಡಿದ ಮೋಸ

ನೀರು ಬಂತು ಅಂತ ತಿಳಿಯಲು ಬಳಸಿದ್ದು ನೀರಿನ ಟ್ಯಾಂಕಿಗೆ ಹಾಕುವ ಪುಟ್ಟ ಫ್ಲೋಟ್ ಸ್ವಿಚ್. ತೇಲುವ ಗುಂಡಿನಲ್ಲಿ ಮ್ಯಾಗ್ನೆಟ್, ನಡುವಿನ ಕಡ್ಡಿಯಲ್ಲಿ ರೀಡ್ ಸ್ವಿಚ್. ಗುಂಡು ಎದ್ದರೆ ಸ್ವಿಚ್ ಕೂಡುತ್ತದೆ. ಅದಕ್ಕೆ ಅದರದೇ ಕರೆಂಟ್ ಬೇಕಿಲ್ಲ. ಒಂದು ತಂತಿ ಚಿಪ್‌ನ 5ನೇ ಕಾಲಿಗೆ, ಅಂದರೆ ಆರ್ಡುಯಿನೋ ಭಾಷೆಯಲ್ಲಿ ಡಿ3ಗೆ, ಇನ್ನೊಂದು ಗ್ರೌಂಡ್‌ಗೆ. ಡಿ3ಗೆ ಒಳಗಿನ ಪುಲ್ಅಪ್ ಆನ್. ಎಲ್ಲರೂ ಮಾಡುವುದು ಹೀಗೇ, ನಾನೂ ಮಾಡಿದೆ, ಮೀಟರ್‌ನಲ್ಲೂ 5 ಅಂತಲೇ ಇತ್ತು.

ಆಮೇಲೆ ಬಕೆಟ್‌ನಲ್ಲಿ ನೀರು ತಂದು ಫ್ಲೋಟ್ ಮುಳುಗಿಸಿದೆ. ಮೀಟರ್ 90 ಅಂತು.

ಕಾರಣ ಸರಳ. ಒಳಗಿನ ಪುಲ್ಅಪ್ ಅಂದರೆ 20ರಿಂದ 50 ಕಿಲೋ ಓಮ್ ನಡುವಿನ, ಕಾಲನ್ನು ಪ್ಲಸ್‌ಗೆ ಎಳೆದಿಡುವ ಒಂದು ರೆಸಿಸ್ಟರ್. ಸ್ವಿಚ್ ಕೂಡಿದಾಗ ಸೆಲ್‌ನ 3 ವೋಲ್ಟ್ ಅದರ ಮೂಲಕ ನೇರ ಗ್ರೌಂಡ್‌ಗೆ ಹರಿಯುತ್ತದೆ. ನಾಲೆಯಲ್ಲಿ ನೀರು ಇರುವಷ್ಟು ದಿನವೂ, ಹಗಲು ರಾತ್ರಿ, ಚಿಪ್ ಮತ್ತು ರೇಡಿಯೋ ಎರಡೂ ಸೇರಿ ತಿನ್ನುವುದಕ್ಕಿಂತ ಹದಿನಾರು ಹದಿನೇಳು ಪಟ್ಟು ಹೆಚ್ಚು. ಮೇಜಿನ ಮೇಲೆ ಒಣಗಿದ ಫ್ಲೋಟ್ ಇಟ್ಟುಕೊಂಡು ಅಳೆದವನಿಗೆ ಇದು ಗೊತ್ತಾಗುವುದೇ ಇಲ್ಲ.

ಮೊದಲು ಒಳಗಿನದನ್ನು ಆಫ್ ಮಾಡಿ ಹೊರಗೆ 1 ಮೆಗಾ ಓಮ್ ಹಾಕಿ ನೋಡಿದೆ. ಕರೆಂಟ್ 3 ಮೈಕ್ರೋ ಆಂಪ್‌ಗೆ ಇಳಿಯಿತು, ಸರಿ. ಆದರೆ ಮಳೆಗಾಲದಲ್ಲಿ ತೇವ ಹಿಡಿದ ಬೋರ್ಡ್ ಮೇಲೆ ಅಷ್ಟು ದೊಡ್ಡ ರೆಸಿಸ್ಟರ್‌ಗೆ ಎದುರಾಗಿ ತೇವವೇ ಸ್ವಿಚ್‌ನಂತೆ ವರ್ತಿಸಿತು. ಬೆಸುಗೆಯ ಫ್ಲಕ್ಸ್ ಸರಿಯಾಗಿ ತೊಳೆದಿರಲಿಲ್ಲ, ಅದು ನನ್ನ ತಪ್ಪೇ. ಚಿಕ್ಕಪ್ಪ ನಡುರಾತ್ರಿ ಎದ್ದು ಹೋಗಿ ಒಣಗಿದ ನಾಲೆ ನೋಡಿಕೊಂಡು ಬಂದರು.

ಕೊನೆಗೆ ಉಳಿದ ಉಪಾಯ ಇದು: ಪುಲ್ಅಪ್ ಯಾವಾಗಲೂ ಆನ್ ಇರುವುದೇ ಬೇಡ. 8 ಸೆಕೆಂಡಿಗೊಮ್ಮೆ ಚಿಪ್ ಎದ್ದಾಗ ಒಳಗಿನ ಪುಲ್ಅಪ್ ಆನ್ ಮಾಡಿ, ಒಂದು ಕ್ಷಣ ಬಿಟ್ಟು ಓದಿ, ಡಿ3 ಅನ್ನು ಔಟ್‌ಪುಟ್ ಲೋ ಮಾಡಿ ಮಲಗಿ. ಸ್ವಿಚ್ ಕೂಡಿದರೂ ಬಿಟ್ಟರೂ ಎರಡು ಕಡೆಯೂ ಗ್ರೌಂಡ್, ಹರಿಯೋಕೆ ಏನೂ ಇಲ್ಲ. ಅಲೆಗೆ ಗುಂಡು ಕುಣಿಯುತ್ತದೆ, ಆದ್ದರಿಂದ ನಾಲ್ಕು ಸಲ ಸತತವಾಗಿ ಒಂದೇ ಉತ್ತರ ಬಂದರೆ ಮಾತ್ರ ನಂಬುವ ಹಾಗೆ ಬರೆದಿದ್ದೇನೆ. ಅರ್ಧ ನಿಮಿಷ ತಡ ಆಗುತ್ತದೆ, ಭತ್ತಕ್ಕೇನೂ ಅವಸರ ಇಲ್ಲ.

ರೇಡಿಯೋ, ಬೇಗ ಹೇಳಿ ಮುಗಿಸುತ್ತೇನೆ

ಆರ್‌ಎಫ್‌ಎಂ95 ಅನ್ನುವ ಲೋರಾ ಮಾಡ್ಯೂಲ್. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ 865ರಿಂದ 868 ಮೆಗಾಹರ್ಟ್ಸ್ ಒಳಗೆ ಇಡಿ, ನಾನು 866ಕ್ಕೆ ಇಟ್ಟಿದ್ದೇನೆ. ಆಂಟೆನಾ ಅಂದರೆ 8.6 ಸೆಂಟಿಮೀಟರ್ ಉದ್ದದ ಗಟ್ಟಿ ತಂತಿ, ಸಾಕು. ಆಂಟೆನಾ ಇಲ್ಲದೆ ಒಂದು ಸಲವೂ ಕಳಿಸಬೇಡಿ, ಮಾಡ್ಯೂಲ್ ಹಾಳಾಗಬಹುದು. ಬೆಳೆದ ಕಬ್ಬು ಸಿಗ್ನಲ್ ನುಂಗುತ್ತದೆ. ಅದಕ್ಕೆ ಆಂಟೆನಾ ಕಬ್ಬಿಗಿಂತ ಮೇಲಿರುವ ಹಾಗೆ ಬಿದಿರಿನ ಗಳಕ್ಕೆ ಡಬ್ಬಿ ಕಟ್ಟಿದ್ದೇನೆ, ಫ್ಲೋಟ್‌ನ ತಂತಿ ಮಾತ್ರ ಕೆಳಗೆ ಇಳಿಯುತ್ತದೆ.

ಸ್ಪ್ರೆಡಿಂಗ್ ಫ್ಯಾಕ್ಟರ್ ಅನ್ನುವ ಸೆಟ್ಟಿಂಗ್ ಒಂದಿದೆ. ದೂರ ಹೋಗಲಿ ಅಂತ ಎಲ್ಲರೂ ಅದನ್ನು 12ಕ್ಕೆ ಏರಿಸುತ್ತಾರೆ. ಹತ್ತು ಬೈಟ್ ಕಳಿಸಲು 7ರಲ್ಲಿ 40 ಮಿಲಿ ಸೆಕೆಂಡ್ ಸಾಕಾದರೆ 12ರಲ್ಲಿ ಹತ್ತಿರ ಹತ್ತಿರ ಒಂದು ಸೆಕೆಂಡ್ ಬೇಕು, ಅಷ್ಟು ಹೊತ್ತೂ ಕರೆಂಟ್ ಹೋಗುತ್ತದೆ. ನಮ್ಮ ಗದ್ದೆಯಿಂದ ಮನೆಗೆ ಒಂದೂವರೆ ಕಿಲೋಮೀಟರ್, 9 ಸಾಕಾಯಿತು. ಪವರ್ ಕೂಡ 20ರ ಬದಲು 14. 20ಕ್ಕೆ ಇಟ್ಟರೆ ಕಳಿಸುವಾಗ 120 ಮಿಲಿ ಆಂಪ್ ಎಳೆಯುತ್ತದೆ, ಹಳೆಯ ಸೆಲ್ ಅಷ್ಟು ಕೊಡಲಾರದೆ ವೋಲ್ಟೇಜ್ ಕುಸಿಯುತ್ತದೆ.

ನೀರು ಬಂದಾಗ ಒಂದು ಸಲ, ನಿಂತಾಗ ಒಂದು ಸಲ, ಏನೂ ಆಗದಿದ್ದರೂ ದಿನಕ್ಕೊಂದು ಸಲ 'ಇದ್ದೇನೆ' ಅಂತ ಸೆಲ್ ವೋಲ್ಟೇಜ್ ಸಮೇತ ಕಳಿಸುತ್ತದೆ. ಈ ದಿನಕ್ಕೊಂದು ಮಾತು ಬಹಳ ಮುಖ್ಯ, ಇಲ್ಲದಿದ್ದರೆ ಡಬ್ಬಿ ಸುಮ್ಮನಿರುವುದು ನೀರು ಇಲ್ಲದ್ದಕ್ಕೋ ಸತ್ತದ್ದಕ್ಕೋ ತಿಳಿಯುವುದಿಲ್ಲ. ವೋಲ್ಟೇಜ್ ಅಳೆಯಲು ಹೊರಗೆ ರೆಸಿಸ್ಟರ್ ಜೋಡಿ ಹಾಕಬೇಡಿ, ಅದೂ ಸದಾ ಕರೆಂಟ್ ಕುಡಿಯುತ್ತದೆ. ಚಿಪ್ ಒಳಗೇ 1.1 ವೋಲ್ಟ್‌ನ ಒಂದು ಅಳತೆಗೋಲು ಇದೆ. ಸೆಲ್‌ನ ವೋಲ್ಟೇಜನ್ನೇ ರೆಫರೆನ್ಸ್ ಇಟ್ಟು ಆ 1.1ನ್ನು ಎಡಿಸಿಯಿಂದ ಓದಿ, 1.1 ಗುಣಿಸು 1024 ಭಾಗಿಸು ಬಂದ ಸಂಖ್ಯೆ ಅಂತ ಮಾಡಿದರೆ ಸೆಲ್ ವೋಲ್ಟೇಜ್ ಸಿಗುತ್ತದೆ. 375 ಬಂದರೆ 3 ವೋಲ್ಟ್. ಮೊದಲ ಕೆಲವು ಓದು ಎಸೆಯಿರಿ, ಸ್ಥಿರ ಆಗಲು ಹೊತ್ತು ಬೇಕು. ಆ 1.1 ಕೂಡ ಚಿಪ್‌ನಿಂದ ಚಿಪ್‌ಗೆ 1.0ರಿಂದ 1.2ರವರೆಗೆ ಬದಲಾಗುತ್ತದೆ, ಒಂದು ಸಲ ಮೀಟರ್ ಜೊತೆ ತಾಳೆ ನೋಡಿ ಸರಿಪಡಿಸಿಕೊಳ್ಳಿ.

ಮನೆಯಲ್ಲಿ ಕೇಳಿಸಿಕೊಳ್ಳುವ ಕಡೆ ಅದೇ ರೇಡಿಯೋ, ಒಂದು ಬಜರ್, ಗೋಡೆಯ ಪ್ಲಗ್‌ನಿಂದ ಕರೆಂಟ್. ಸದಾ ಕಿವಿ ತೆರೆದಿರಬೇಕಾದ್ದರಿಂದ ಅದನ್ನು ಸೆಲ್ ಮೇಲೆ ಓಡಿಸಲು ಹೋಗಬೇಡಿ.

ಲೆಕ್ಕ ಹಾಕಿದರೆ ಗದ್ದೆಯ ಡಬ್ಬಿಗೆ ದಿನಕ್ಕೆ ಬೇಕಾಗುವುದು 130 ಮೈಕ್ರೋ ಆಂಪ್ ಅವರ್ ಆಸುಪಾಸು, ಅದರಲ್ಲಿ 120 ಬರೀ ನಿದ್ದೆಗೆ. 2000 ಮಿಲಿ ಆಂಪ್ ಅವರ್ ಸೆಲ್‌ಗೆ ಕಾಗದದ ಮೇಲೆ ನಲವತ್ತು ವರ್ಷ. ಅಷ್ಟು ವರ್ಷ ಯಾವ ಆಲ್ಕಲೈನ್ ಸೆಲ್ಲೂ ಇರುವುದಿಲ್ಲ, ತಾನೇ ಸತ್ತುಹೋಗುತ್ತದೆ ಅಥವಾ ಸೋರುತ್ತದೆ. ನಾನು ಸೆಲ್ ಮೇಲೆ ಮಾರ್ಕರ್‌ನಲ್ಲಿ ತಾರೀಕು ಬರೆದಿದ್ದೇನೆ, ಮೂರು ವರ್ಷಕ್ಕೆ ಬದಲಾಯಿಸುವುದು ಅಂತ.

ಡಬ್ಬಿ

ರಬ್ಬರ್ ಬಿಗಿ ಇರುವ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್ ತನ್ನಿ, ತಂತಿ ಒಳಬರುವ ತೂತು ಕೆಳಗಿರಲಿ. ಬೋರ್ಡ್‌ನ ಫ್ಲಕ್ಸ್ ಅನ್ನು ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಹಾಕಿ ಹಳೆಯ ಟೂತ್‌ಬ್ರಷ್‌ನಿಂದ ತೊಳೆದು, ಒಣಗಿಸಿ, ಮೇಲೊಂದು ಕೋಟ್ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯಿರಿ. ಐಸಿ ಸಾಕೆಟ್ ಒಳಕ್ಕೆ ಮಾತ್ರ ಹೋಗಬಾರದು. ತೂತುಗಳನ್ನು ಸಿಲಿಕೋನ್‌ನಿಂದ ಮುಚ್ಚಿ. ನಾನು ಒಂದು ತೂತು ಬಿಟ್ಟಿದ್ದೆ, ತಿಂಗಳೊಳಗೆ ಇರುವೆಗಳು ಮೊಟ್ಟೆ ಸಮೇತ ಸಂಸಾರ ಹೂಡಿದ್ದವು.

ಫ್ಲೋಟ್ ಅನ್ನು ನಾಲೆಯಲ್ಲಿ ಹಾಗೇ ಬಿಟ್ಟರೆ ಪಾಚಿ, ಕಬ್ಬಿನ ಸೋಗೆ ಸುತ್ತಿಕೊಂಡು ಎದ್ದ ಗುಂಡು ಇಳಿಯುವುದಿಲ್ಲ. ಎರಡು ಇಂಚಿನ ಪಿವಿಸಿ ಪೈಪ್‌ಗೆ ಸುತ್ತಲೂ ತೂತು ಕೊರೆದು, ತೂಬಿನ ಪಕ್ಕ ನೆಟ್ಟು, ಅದರೊಳಗೆ ಫ್ಲೋಟ್ ಇಳಿಬಿಡಿ. ಆದರೂ ತಿಂಗಳಿಗೊಂದು ಸಲ ಸಿಕ್ಕಿಕೊಳ್ಳುತ್ತದೆ. ನೀರು ಬಂದ್ ಆಗಿ ಎರಡು ದಿನವಾದರೂ ಡಬ್ಬಿ 'ನೀರಿದೆ' ಅನ್ನುತ್ತಿದ್ದರೆ ಅದೇ ಕಾರಣ. ಅದಕ್ಕೆ ನನ್ನ ಹತ್ತಿರ ಕೋಡ್ ಇಲ್ಲ. ಚಿಕ್ಕಪ್ಪ ಆ ಕಡೆ ಹೋದಾಗ ಪೈಪ್‌ಗೆ ಕೋಲಿನಿಂದ ಒಂದು ತಟ್ಟುತ್ತಾರೆ, ಗುಂಡು ಇಳಿಯುತ್ತದೆ.